ಮಗಳಿಗೊಂದು ಪತ್ರ: ‘ಹೋಗಿದ್ದೆ’ ಅಂದರೆ ಮಾತು ಮುಗಿಯಲಿಲ್ಲ

ಪುಟ್ಟಿ,

ನಾಡಿದ್ದು ಲಿಯೋನ್‌ಗೆ ಹೊರಡುವವಳು ನಿನ್ನೆ ರಾತ್ರಿ ಮುನಿಸಿಕೊಂಡು ಬಾಗಿಲು ಹಾಕಿಕೊಂಡೆ. ಮನೆ ಓನರ್‌ಗೆ ನೀನು ಫ್ರೆಂಚಿನಲ್ಲಿ ಬರೆದ ಮೇಲ್ ತುಂಬ ಕೆಂಪು ಗೆರೆ ಎಳೆದದ್ದು ನನ್ನ ತಪ್ಪು, ಕ್ಷಮಿಸು. ಆದರೆ ಆ ಮೊದಲ ಗೆರೆಯನ್ನು ಮಾತ್ರ ಅಳಿಸಲಾರೆ.

‘ಯೆರ್ ಝೆತೆ ಅಲೆ ಆ ಲಾ ಬಾಂಕ್’ ಅಂತ ಬರೆದಿದ್ದೀಯ. ಮನಸ್ಸಿನಲ್ಲಿದ್ದದ್ದು ‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ.’ ನಾವು ಹೋಗಿ ಬಂದದ್ದಕ್ಕೆಲ್ಲ ‘ಹೋಗಿದ್ದೆ’ ಅನ್ನುತ್ತೇವೆ, ಮಾತು ಅಲ್ಲಿಗೆ ಮುಗಿಯುತ್ತದೆ. ಫ್ರೆಂಚಿನಲ್ಲಿ ಮುಗಿಯುವುದಿಲ್ಲ. ನಿನ್ನ ‘ಝೆತೆ ಅಲೆ’ ಪ್ಲುಸ್ ಕ ಪಾರ್ಫೆ ಅನ್ನುವ ಭೂತಕಾಲದ ರೂಪ. ಅದು ಬೇಕಾಗುವುದು ಹಿಂದೆ ನಡೆದ ಒಂದು ಸಂಗತಿಗಿಂತಲೂ ಮೊದಲೇ ಆಗಿಹೋದದ್ದಕ್ಕೆ. ‘ನೀವು ಫೋನ್ ಮಾಡುವಷ್ಟರಲ್ಲಿ ನಾನು ಹೊರಟುಹೋಗಿದ್ದೆ’ ಅನ್ನುವಾಗ ಅದೇ ಸರಿ. ಬರೀ ನಿನ್ನೆಯ ಸುದ್ದಿ ಹೇಳುವುದಾದರೆ ಪಾಸೆ ಕೊಂಪೋಝೆ ಅನ್ನುವ ಸಾಮಾನ್ಯ ಭೂತಕಾಲ ಸಾಕು: ‘ಝ ಸ್ವಿ ಅಲೆ.’

‘ಅರ್ಥ ಆದ್ರೆ ಸಾಕಲ್ವಾ’ ಅಂದೆ ನೀನು. ನನ್ನ ಭಯ ಬ್ಯಾಂಕಿನದ್ದಲ್ಲ. ಜ್ವರ ಬಂದು ಡಾಕ್ಟರ್ ಮುಂದೆ ಕೂತು ‘ಬೆಳಿಗ್ಗೆ ಮಾತ್ರೆ ತಗೊಂಡಿದ್ದೆ’ ಅನ್ನಲು ‘ಝಾವೆ ಪ್ರಿ’ ಅಂದೆ ಅಂತಿಟ್ಟುಕೋ. ಯಾವುದಕ್ಕಿಂತ ಮೊದಲು ಅಂತ ಅವರು ಕಾಯುತ್ತಾರೆ. ವಾಂತಿಗೆ ಮೊದಲಾ, ಜ್ವರ ಏರುವ ಮೊದಲಾ? ಪಾಸೆ ಕೊಂಪೋಝೆಯಲ್ಲಿ ‘ಝೆ ಪ್ರಿ’ ಅಂದರೆ ಆ ಗೊಂದಲವೇ ಇಲ್ಲ. ಪಕ್ಕದಲ್ಲಿ ನಾನಿರುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಪ್ಲುಸ್ ಕ ಪಾರ್ಫೆ ಕಟ್ಟುವುದು ಕಷ್ಟವಿಲ್ಲ. ಸಹಾಯಕ ಕ್ರಿಯಾಪದ ಅವುವಾರ್ (ಹೊಂದಿರು) ಅಥವಾ ಎತ್ರ್‌ನ (ಇರು) ಆಂಪಾರ್ಫೆ (ಅಪೂರ್ಣ ಭೂತಕಾಲ) ರೂಪ, ಅದಾದಮೇಲೆ ಪಾರ್ತಿಸಿಪ್ ಪಾಸೆ (ಭೂತ ಕೃದಂತ). ಕನ್ನಡದ ‘ಮುಗಿಸಿ + ಇದ್ದೆ’ ಹೇಗೋ ಹಾಗೆ ‘ಝಾವೆ ಫಿನಿ’, ಆದರೆ ಕ್ರಮ ತಿರುಗುಮುರುಗು. ನಮಗೆ ‘ಇರು’ ಒಂದೇ, ಅವರಿಗೆ ಎರಡು, ಎಡವುವುದು ಅಲ್ಲೇ. ಹೋಗು, ಬಾ, ಹೊರಡು, ಹುಟ್ಟು, ಸಾಯಿ, ಬೀಳು, ಉಳಿ ಇಂಥವಕ್ಕೆ ಎತ್ರ್. ಇಳಿಯುವುದಕ್ಕೂ ಎತ್ರ್, ‘ಎಲೆತೆ ದೆಸಾಂದ್ಯು’, ಅವಳು ಇಳಿದಿದ್ದಳು. ಅದೇ ಸೂಟ್‌ಕೇಸ್ ಇಳಿಸಿದ್ದಳು ಅಂದಾಗ ಕರ್ಮಪದ ಬಂತು, ಆಗ ಅವುವಾರ್: ‘ಎಲಾವೆ ದೆಸಾಂದ್ಯು ಲಾ ವಾಲೀಝ್.’ ‘ಅಲ್ಲ’ ಅನ್ನುವ ನ ಮತ್ತು ಪಾ ಸಹಾಯಕ ಕ್ರಿಯಾಪದದ ಎರಡು ಬದಿಗೆ ನಿಲ್ಲಬೇಕು, ‘ಝ ನಾವೆ ಪಾ ಫಿನಿ.’

ಇನ್ನು ಹೆಣ್ಣಿಗೆ ಕೊನೆಯಲ್ಲಿ ಸೇರಿಸುವ ಆ ಇ (e) ಅಕ್ಷರ. ಕನ್ನಡದಲ್ಲಿ ‘ಹೋಗಿದ್ದಳು’ ಅಂದಾಗ ಹೆಣ್ಣು ಅಂತ ಗೊತ್ತಾಗುತ್ತದೆ, ‘ನಾನು ಹೋಗಿದ್ದೆ’ಯಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಝ (ನಾನು) ಬಂದಾಗಲೆಲ್ಲ ನೀನು ಮರೆಯುತ್ತೀಯ. ಎತ್ರ್ ಜೊತೆಗಿದ್ದರೆ ನಿನ್ನ ‘ಅಲೆ’, ‘ಪಾರ್ತಿ’ ಎರಡಕ್ಕೂ ಕೊನೆಯಲ್ಲಿ ಇನ್ನೊಂದು ಇ ಬೇಕು. ಕಿವಿಗೆ ಕೇಳಿಸದು, ಕಣ್ಣಿಗೆ ಬೀಳುತ್ತದೆ. ಅವುವಾರ್ ಇದ್ದರೂ ಕರ್ಮಪದ ಮುಂಚೆ ಬಂದರೆ ಹೊಂದಾಣಿಕೆ ಬೇಕು: ‘ಲೆ ಲೆತ್ರ್ ಕ ಝಾವೆ ಎಕ್ರಿತ್’, ನಾನು ಬರೆದಿದ್ದ ಪತ್ರಗಳು. ಇಲ್ಲಿ ಕೊನೆಯ ತ್ ಕೇಳಿಸುತ್ತದೆ, ಬಿಟ್ಟರೆ ತಕ್ಷಣ ಸಿಕ್ಕಿಬೀಳುತ್ತೀಯ.

‘ಸಿ’, ಅಂದರೆ ನಮ್ಮ ‘ಗೊತ್ತಿದ್ದರೆ’ಯ ‘-ರೆ’, ಅದಾದಮೇಲೆ ‘ಝೋರೆ ಸ್ಯು’ ಅನ್ನಬೇಡ. ಅಲ್ಲಿನವರ ಬಾಯಲ್ಲೂ ಕೇಳಿಬರುತ್ತದೆ, ಆದರೂ ತಪ್ಪೇ. ‘ಸಿ ಝಾವೆ ಸ್ಯು, ಝ ಸರೆ ವನ್ಯು’: ಗೊತ್ತಿದ್ದರೆ ಬರುತ್ತಿದ್ದೆ.

ಎರಡೇ ವರ್ಷದಲ್ಲಿ ಫ್ರೆಂಚಿನ ಬಿ2 ಮಟ್ಟ ಮುಟ್ಟಿದವಳು ನೀನು. ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ, ನಿನಗೇ ಹೇಳಿಲ್ಲ.

ಮೇಲ್ ಇನ್ನೂ ಕಳಿಸಿಲ್ಲದಿದ್ದರೆ ‘ಝೆತೆ’ ತೆಗೆದು ‘ಝ ಸ್ವಿ’ ಹಾಕು. ‘ಅಲೆ’ಯ ಕೊನೆಗೆ ಇ ಸೇರಿಸು. ಉಳಿದ ಕೆಂಪು ಗೆರೆಗಳನ್ನೆಲ್ಲ ಬಿಟ್ಟುಬಿಡು.

ಅಮ್ಮ