ಕರ್ಚೀಫು ಕೊಟ್ಟ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳಲೇ ಇಲ್ಲ ನಾನು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾ ಚರ್ಚಿನಲ್ಲಿ, ಕೊನೆಯ ಬೆಂಚಿನಲ್ಲಿ ಕೂತು ಅಳುತ್ತಿದ್ದವಳು ನಾನೇ. ಜಪಮಾಲೆ ಹಿಡಿದು ಪಕ್ಕದಲ್ಲಿದ್ದಿರಿ. ಏನೂ ಕೇಳದೆ ಕರ್ಚೀಫು ಕೊಟ್ಟಿರಿ.

ಆರು ವರ್ಷ ಜೊತೆಗೆ ಟೈಲರಿಂಗ್ ಅಂಗಡಿ ನಡೆಸಿದ ಗೆಳತಿ ದುಡ್ಡು ತೆಗೆದುಕೊಂಡು ಹೋಗಿದ್ದಳು. ದುಡ್ಡಿಗಿಂತ ಜಾಸ್ತಿ ಸುಟ್ಟದ್ದು, ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳು ಅನ್ನುವುದು. ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ, ಬರೀ ಶಾಪ ಬರುತ್ತಿದೆ ಎಂದೆ.

ನೀವು ನಕ್ಕಿರಿ! ಬ್ಯಾಗಿನಿಂದ ಹಳೇ ಬೈಬಲ್ ತೆಗೆದು ಕೀರ್ತನೆ 55 ತೋರಿಸಿದಿರಿ. ನೋಯಿಸಿದವನು ಶತ್ರುವಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಅವನು ನನ್ನ ಆಪ್ತ ಗೆಳೆಯ ಎಂದು ಅಲ್ಲಿ ಕೀರ್ತನೆಗಾರ ಗೋಳಾಡುತ್ತಾನೆ. ಜೊತೆಗೂಡಿ ದೇವಾಲಯಕ್ಕೆ ಹೋಗುತ್ತಿದ್ದವರಂತೆ. ಮುಂದಿನ ವಚನದಲ್ಲೇ ಅಂಥವರಿಗೆ ಸಾವು ಬರಲಿ ಎಂದುಬಿಡುತ್ತಾನೆ. ಇಷ್ಟು ವರ್ಷ ಪೂಜೆಗೆ ಹೋದರೂ ನಾನಿದನ್ನು ಗಮನಿಸಿರಲಿಲ್ಲ.

"ಬೈಯೋದಾದ್ರೆ ದೇವರ ಹತ್ರ ಬೈಕೋ ಮಗಳೇ. ಅವಳ ಮನೆ ಬಾಗಿಲಿಗೆ ಹೋಗ್ಬೇಡ" ಅಂದಿರಿ. ಆಮೇಲೆ 22ನೇ ವಚನದ ಮೇಲೆ ಬೆರಳಿಟ್ಟಿರಿ: ಭಾರವನ್ನು ಕರ್ತನ ಮೇಲೆ ಹಾಕು.

ಅಂದು ಸಂಜೆ ಅವಳ ಮನೆಗೆ ಹೋಗಿ ರಂಪ ಮಾಡುವವಳಿದ್ದೆ. ಹೋಗಲಿಲ್ಲ. ದುಡ್ಡು ಇನ್ನೂ ಬಂದಿಲ್ಲ, ಸುಳ್ಳೇಕೆ ಹೇಳಲಿ. ಕ್ಷಮಿಸಲೂ ಪೂರ್ತಿ ಆಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿದೆ. ಬೈಗುಳದ ನಡುವೆ ಈಗೀಗ ಅವಳ ಮಕ್ಕಳ ಹೆಸರೂ ಪ್ರಾರ್ಥನೆಯಲ್ಲಿ ಬಂದುಬಿಡುತ್ತದೆ.

ಸೆಪ್ಟೆಂಬರ್ 8ರ ಮೇರಿ ಮಾತೆಯ ಹಬ್ಬದಲ್ಲಿ ನಿಮ್ಮನ್ನು ಹುಡುಕಿದೆ. ಆ ಜನಜಂಗುಳಿಯಲ್ಲಿ ಎಲ್ಲಿ ಸಿಗುತ್ತೀರಿ! ತುಂಬಾ ಥ್ಯಾಂಕ್ಸ್ ಅಮ್ಮಾ. ಕರ್ಚೀಫು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇನೆ.