ಐಸಿಗೆ ಕತ್ತಿ ಹಾಕಬೇಡ

ಬದಿಯಡ್ಕ,
ಆಟಿ ತಿಂಗಳು

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಮಾತ್ರ ಬಿಟ್ಟಿಲ್ಲ. ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು, ವಿದ್ಯಾನಗರದ ನಿನ್ನ ಬಾಡಿಗೆ ಮನೆಯ ಫ್ರಿಡ್ಜಿನಲ್ಲಿ ಐಸ್ ಕಟ್ಟಿ ಫ್ರೀಜರಿನ ಬಾಗಿಲೇ ಮುಚ್ಚುವುದಿಲ್ಲವಂತೆ. ಸ್ಕ್ರೂಡ್ರೈವರಿನಲ್ಲಿ ಕೆತ್ತಿ ತೆಗೆಯುವ ಅಂದಾಜಿನಲ್ಲಿ ಇದ್ದೀಯಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಆಯ್ತು ದೊಡ್ಡಮ್ಮ" ಅನ್ನುತ್ತೀಯ. ಬರೆದದ್ದಾದರೆ ಎದುರಿಗೆ ಇಟ್ಟುಕೊಂಡು ಕೆಲಸ ಮಾಡಬಹುದು, ಅಲ್ವಾ?

ಸ್ಕ್ರೂಡ್ರೈವರ್, ಪೀಶಕತ್ತಿ, ಸೌಟಿನ ಹಿಡಿ, ಯಾವುದೂ ಆ ಐಸಿಗೆ ತಾಗಬಾರದು. ನಿನ್ನದು ಒಂದೇ ಬಾಗಿಲಿನ ಹಳೇ ನಮೂನೆಯ ಫ್ರಿಡ್ಜು. ಅದರ ಫ್ರೀಜರಿನ ಗೋಡೆ ಎರಡು ತೆಳು ಅಲ್ಯೂಮಿನಿಯಂ ಹಾಳೆ ಸೇರಿಸಿ ಮಾಡಿದ್ದು. ಹಾಳೆಗಳ ನಡುವೆ ಸಣ್ಣ ಸಣ್ಣ ದಾರಿ ಇರುತ್ತದೆ. ತಂಪು ಮಾಡುವ ಗ್ಯಾಸ್ ಓಡುವುದು ಅಲ್ಲೇ. ಐಸಿನ ಅಡಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಚೂಪು ತುದಿ ಒಮ್ಮೆ ಜಾರಿದರೆ ತೂತು ಬೀಳುತ್ತದೆ, ಗ್ಯಾಸ್ ಪೂರಾ ಹೋಗುತ್ತದೆ. ಅಷ್ಟು ತೆಳು ಹಾಳೆಗೆ ಹಾಕಿದ ಬೆಸುಗೆ ಬಾಳುವುದು ಕಷ್ಟ.

ಖರ್ಚಿನ ಮಾತು ಹಾಗಿರಲಿ. ಒಳಗೆ ಇರುವುದು ಯಾವ ಗ್ಯಾಸ್ ಅಂತ ಮೊದಲು ನೋಡು. ಫ್ರಿಡ್ಜಿನ ಹಿಂದೆಯೋ ಒಳಗೋ ಒಂದು ಲೇಬಲ್ ಅಂಟಿಸಿರುತ್ತಾರೆ. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಳೇ ಸಿಎಫ್‌ಸಿ ಗ್ಯಾಸುಗಳನ್ನು ಒಂದೊಂದಾಗಿ ಬಿಟ್ಟರು. ಅವುಗಳ ಜಾಗಕ್ಕೆ ಮೊದಲು ಆರ್-134ಎ ಬಂತು. ಅದಕ್ಕೆ ಬೆಂಕಿ ಹತ್ತುವುದಿಲ್ಲ. ಈಗಿನವುಗಳಲ್ಲಿ ಜಾಸ್ತಿ ಇರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಅದು ಅಡುಗೆ ಗ್ಯಾಸಿನ ಜಾತಿಯದೇ, ಬೆಂಕಿ ಹಿಡಿಯುತ್ತದೆ. ಅಡುಗೆ ಗ್ಯಾಸಿಗೆ ಬೇಕೆಂದೇ ವಾಸನೆ ಸೇರಿಸಿರುತ್ತಾರೆ, ಇದಕ್ಕೆ ಸೇರಿಸಿರುವುದಿಲ್ಲ. ಇರುವುದು ಸ್ವಲ್ಪವೇ. ಫ್ರಿಡ್ಜು ಅದರ ಪಾಡಿಗೆ ಓಡುತ್ತಿದ್ದರೆ ಯಾವ ಭಯವೂ ಇಲ್ಲ. ಆದರೆ ಕಿಟಕಿ ಮುಚ್ಚಿದ ಸಣ್ಣ ಅಡುಗೆಕೋಣೆಯಲ್ಲಿ ಸೋರಿದರೆ ಗಾಳಿಗಿಂತ ಭಾರದ ಆ ಗ್ಯಾಸ್ ನೆಲದ ಹತ್ತಿರವೇ ನಿಲ್ಲುತ್ತದೆ. ಒಂದು ಕಿಡಿ ಸಾಕು. ಎಂದಾದರೂ ಫ್ರೀಜರಿನಿಂದ ಸುಸ್ಸ್ ಅಂತ ಶಬ್ದ ಕೇಳಿದರೆ ಒಲೆ ಉರಿಯುತ್ತಿದ್ದರೆ ಆರಿಸು, ಯಾವ ಸ್ವಿಚ್ಚನ್ನೂ ಮುಟ್ಟಬೇಡ, ಆರಿಸಲಿಕ್ಕೂ ಮುಟ್ಟಬೇಡ. ಬಾಗಿಲು ಕಿಟಕಿ ತೆರೆದು ಹೊರಗೆ ಬಾ. ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡು.

ಇನ್ನು ಕೆಲಸ. ಹೇಗೂ ರಜೆ ಇರುವ ದಿನ, ಸಾಮಾನು ತರುವ ಮೊದಲು ಶುರು ಮಾಡು. ಸ್ವಿಚ್ ಆರಿಸಿ, ಒಣ ಕೈಯಲ್ಲಿ ಪ್ಲಗ್ ಎಳೆದು ತೆಗೆ. ಥರ್ಮೋಸ್ಟಾಟ್ ತಿರುಗಣೆಯ ನಡುವೆ ಒತ್ತುವ ಡಿಫ್ರಾಸ್ಟ್ ಬಟನ್ ಇರುತ್ತದಲ್ಲ, ತೆಳುವಾಗಿ ಕಟ್ಟಿದ ಐಸಿಗೆ ಅದೇ ಸಾಕು. ನಿನ್ನದು ಆ ಹಂತ ದಾಟಿದೆ. ಪ್ಲಗ್ ತೆಗೆಯುವುದೇ ಸರಿ. ಅಡಿಯಲ್ಲಿ ಹಳೇ ಬೈರಾಸು, ಗೋಣಿ ಹಾಸು. ಎಕ್ಸ್‌ಟೆನ್ಷನ್ ಬೋರ್ಡ್ ನೆಲದಲ್ಲಿದ್ದರೆ ಮೊದಲು ಅದನ್ನು ಎತ್ತಿಡು. ನೀರು ಎಲ್ಲಿಗೆ ಹರಿಯುತ್ತದೆ ಅಂತ ಹೇಳಲಾಗದು.

ಬಾಗಿಲು ತೆರೆದಿಟ್ಟು ಕಾಯಬೇಕು. ಒಂದು ಕಿಲೋ ಐಸ್ ಕರಗಲು ಬೇಕಾದ ಶಾಖದಲ್ಲಿ ಒಂದು ಲೀಟರ್ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಹಾಗಾಗಿ ಅದು ನಿಧಾನವೇ. ಮೂರ್ನಾಲ್ಕು ಗಂಟೆಯಾದರೂ ಹಿಡಿಯುತ್ತದೆ, ದಪ್ಪ ಇದ್ದರೆ ಇನ್ನೂ ಜಾಸ್ತಿ. ಬೇಗ ಆಗಬೇಕಾದರೆ ಸ್ಟೀಲ್ ಪಾತ್ರೆಯಲ್ಲಿ ಬಿಸಿನೀರು ತುಂಬಿ, ಅಡಿಗೆ ಬಟ್ಟೆ ಹಾಕಿ ಫ್ರೀಜರಿನೊಳಗೆ ಇಡು. ತಣ್ಣಗಾದಾಗ ಬದಲಾಯಿಸು. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಬಿರುಕು ಬಿಡಬಹುದು. ಐಸಿಗೆ ಉಪ್ಪು ಹಾಕಬೇಡ, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಹೇರ್ ಡ್ರೈಯರ್ ಅಂತೂ ಮುಟ್ಟಲೇಬೇಡ. ಹನಿಯುವ ನೀರು, ಕೈಯಲ್ಲಿ ಕರೆಂಟು, ಎರಡನ್ನೂ ಒಟ್ಟು ಮಾಡುವ ಕೆಲಸ ಅದು. ಸಡಿಲವಾದ ತುಂಡನ್ನು ಕೈಯಲ್ಲೇ ತೆಗೆ. ಬಿಗಿಯಾಗಿದ್ದರೆ ಬಿಟ್ಟುಬಿಡು, ಅದೂ ಬರುತ್ತದೆ.

ಒಳಗಿದ್ದ ಸಾಮಾನಿನ ಮೇಲೆ ಗಮನ ಇರಲಿ. ಕಾಯಿತುರಿ, ಹಲಸಿನ ಸೊಳೆ, ನಿನ್ನ ಜೊತೆಯವನ ಬಂಗುಡೆ, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಒತ್ತೊತ್ತಾಗಿ ಡಬ್ಬಿಯಲ್ಲಿಟ್ಟು, ಮೇಲೆ ದಪ್ಪ ಕಂಬಳಿ ಹೊದೆಸು. ಮೀನಿನಲ್ಲಿ ಇನ್ನೂ ಐಸಿನ ಹರಳು ಇದ್ದರೆ ಮತ್ತೆ ಫ್ರೀಜ್ ಮಾಡಬಹುದು. ಕರಗಿ ತಂಪು ಮಾತ್ರ ಉಳಿದಿದ್ದರೆ ಅವತ್ತೇ ಬೇಯಿಸಲಿ. ಎರಡು ಗಂಟೆಗಿಂತ ಜಾಸ್ತಿ ಬಿಸಿಯಲ್ಲಿ ಬಿದ್ದಿದ್ದರೆ ಯೋಚನೆ ಮಾಡದೆ ಬಿಸಾಡಿ. ಅವನು ಇನ್ಸುಲಿನ್ ಇಟ್ಟಿದ್ದಾನೆ ಅಂತ ಹೇಳಿದ್ದೆಯಲ್ಲ, ಅದನ್ನು ಈ ಐಸಿನ ಜೊತೆ ಕಟ್ಟಿಡಬೇಡ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಉಪಯೋಗಕ್ಕಿಲ್ಲ. ಮಣ್ಣಿನ ಪಾತ್ರೆಯಲ್ಲಿ, ನೆರಳಿನಲ್ಲಿ ಕೆಲವು ಗಂಟೆ ಇದ್ದರೆ ಏನೂ ಆಗದು.

ಪೂರಾ ಕರಗಿದ ಮೇಲೆ ಉಗುರುಬೆಚ್ಚನೆ ನೀರಿಗೆ ಅಡುಗೆ ಸೋಡಾ ಹಾಕಿ ಒರೆಸು. ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸು, ಮೂಲೆಯಲ್ಲೂ ಪಸೆ ಉಳಿಯಬಾರದು. ಪ್ಲಗ್ ಹಾಕಿ ಎರಡು ಮೂರು ಗಂಟೆ ಖಾಲಿಯೇ ಓಡಲಿ, ಆಮೇಲೆ ಸಾಮಾನು ಇಡು.

ಹಿಂಬದಿಯಲ್ಲಿ ಕಂಪ್ರೆಸರಿನ ಮೇಲೆ ನೀರು ನಿಲ್ಲುವ ಟ್ರೇ ಇದೆ, ಅದನ್ನು ಯಾರೂ ನೋಡುವುದಿಲ್ಲ. ಡೆಂಗಿಯ ಸೊಳ್ಳೆ ಮೊಟ್ಟೆ ಇಡುವುದು ಇಂತಹ ನಿಂತ ನೀರಿನಲ್ಲೇ. ಕೇರಳದಲ್ಲಿ ಭಾನುವಾರ ಮನೆಗಳಿಗೆ ಡ್ರೈ ಡೇ, ಅಂದರೆ ನಿಂತ ನೀರು ಚೆಲ್ಲುವ ದಿನ ಅಂತ ಆಶಾ ಕಾರ್ಯಕರ್ತೆಯರು ಹೇಳಿ ಹೋಗುತ್ತಾರಲ್ಲ, ಆ ಲೆಕ್ಕಕ್ಕೆ ಇದೂ ಸೇರುತ್ತದೆ. ವಾರಕ್ಕೊಮ್ಮೆ ಚೆಲ್ಲಿ, ತಿಕ್ಕಿ ಒಣಗಿಸು. ಆಗಲೂ ಪ್ಲಗ್ ತೆಗೆದೇ ಕೈ ಹಾಕು.

ಐಸ್ ಇಷ್ಟು ಬೇಗ ಯಾಕೆ ಕಟ್ಟಿತು ಅಂತಲೂ ನೋಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಬಾಗಿಲು ತೆರೆದಾಗಲೆಲ್ಲ ಒಳಗೆ ಹೋಗುವುದು ಹಸಿ ಗಾಳಿ. ಮುಚ್ಚದೆ ಇಟ್ಟ ಬಿಸಿ ಸಾಂಬಾರಿನ ಆವಿಯೂ ಅಲ್ಲೇ ಐಸಾಗುತ್ತದೆ. ಐಸ್ ದಪ್ಪವಾದಷ್ಟೂ ತಂಪು ಹೊರಗೆ ಬಾರದೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕರೆಂಟು ಬಿಲ್ ಏರುತ್ತದೆ. ಐದಾರು ಮಿಲಿಮೀಟರ್ ಆದಾಗಲೇ ತೆಗೆದರೆ ಈ ಪಾಡಿಲ್ಲ. ಬಾಗಿಲಿನ ರಬ್ಬರನ್ನೂ ಪರೀಕ್ಷೆ ಮಾಡು. ನೋಟೊಂದನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆ. ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ. ಫ್ರಿಡ್ಜು ಮನೆ ಯಜಮಾನರದ್ದಾದ ಕಾರಣ ರಬ್ಬರ್ ಬದಲಾಯಿಸಲು ಅವರಿಗೇ ಹೇಳು, ಕೆಲಸ ಶುರು ಮಾಡುವ ಮೊದಲೇ ಹೇಳು.

ನಿನ್ನ ದೊಡ್ಡಮ್ಮ