ಹಿತ್ತಲ ಗಿಡ

ತೀರ್ಥಹಳ್ಳಿ,
ಜುಲೈ ತಿಂಗಳ ಮೊದಲ ಭಾನುವಾರ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

‘ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಬೇಕು’ ಎಂದು ಕಾಗದ ಶುರು ಮಾಡುವುದು ನಮ್ಮ ಕಾಲದವರ ರೂಢಿ. ನನ್ನ ಅಪ್ಪ ತೀರಿಕೊಳ್ಳುವ ಹದಿನೈದು ದಿನ ಮೊದಲು ಬರೆದ ಇನ್‌ಲ್ಯಾಂಡ್ ಪತ್ರವೂ ಹಾಗೆಯೇ ಶುರುವಾಗಿತ್ತು. ಇವತ್ತು ನಾನು ಆ ಸಾಲು ಬರೆಯುವುದಿಲ್ಲ. ನೀನೂ ಇನ್ನು ಮೇಲೆ ಫೋನಿನಲ್ಲಿ ಅದನ್ನು ಹೇಳಬೇಡ. ಇಷ್ಟು ಹೇಳಲಿಕ್ಕೇ ಈ ಪತ್ರ.

ಜೂನ್‌ನಲ್ಲಿ ನಿನಗೆ ಜ್ವರ ಬಂದ ರಾತ್ರಿಯ ವಿಷಯ ಮೊನ್ನೆ ಅಮ್ಮನ ಬಾಯಿಂದ ಜಾರಿತು. ಥರ್ಮಾಮೀಟರ್ 38.4 ಡಿಗ್ರಿ ಸೆಲ್ಸಿಯಸ್ ತೋರಿಸಿದ್ದು, ಬೆಳಗಾಗಲಿ ಎಂದು ನೀನು ಹಠ ಹಿಡಿದದ್ದು, ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಕಾರ್ಡನ್ನು ಕಿತ್ತುಕೊಂಡು ತಾನೇ ಆಸ್ಪತ್ರೆಗೆ ಫೋನ್ ಮಾಡಿದ್ದು. ಬ್ಯಾಂಕಿನಲ್ಲಿ ಚಲನ್ ತುಂಬುವುದಕ್ಕೂ ನನ್ನನ್ನು ಮುಂದೆ ತಳ್ಳುವವಳು, ಮ್ಯಾಂಚೆಸ್ಟರಿನಲ್ಲಿ ರಾತ್ರಿ ಎರಡು ಗಂಟೆಗೆ ‘ಡಾಟರ್, ಕೀಮೋ, ಫೀವರ್’ ಎಂಬ ಮೂರು ಮಾತು ಹೇಳಿ, ಕಾರ್ಡಿನ ಮೇಲಿದ್ದ ನಿನ್ನ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿದಳಂತೆ. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಇಳಿಯತೊಡಗಿತ್ತಂತೆ. ಮಾರನೆಯ ದಿನ ನಾನು ಕರೆ ಮಾಡಿದಾಗ ನೀನು ವಾರ್ಡಿನ ಮಂಚದ ಮೇಲೆ ಕುಳಿತು, ಕ್ಯಾಮೆರಾ ಮುಚ್ಚಿ, ‘ನೆಟ್‌ವರ್ಕ್ ಸರಿಯಿಲ್ಲ ಅಪ್ಪ, ನಾನು ಚೆನ್ನಾಗಿದ್ದೇನೆ’ ಎಂದೆ.

ಸಿಟ್ಟು ಬರಲಿಲ್ಲ ಮಗಳೇ, ಹೊಟ್ಟೆ ಉರಿಯಿತು. ಮೈಯಲ್ಲಿ ಬಿಳಿ ರಕ್ತಕಣಗಳೇ ಇಲ್ಲದ ಹೊತ್ತಿನಲ್ಲಿ ನೀನು ನನ್ನನ್ನು ಸಮಾಧಾನ ಮಾಡುವ ಕೆಲಸವನ್ನೂ ಹೊತ್ತುಕೊಂಡೆಯಲ್ಲ ಎಂದು.

ಮುಚ್ಚಿಡುವುದನ್ನು ನೀನು ಕಲಿತದ್ದು ನನ್ನಿಂದಲೇ. ಫೆಬ್ರುವರಿಯಲ್ಲಿ ಕತ್ತಿನ ಗಂಟಿನ ಬಯಾಪ್ಸಿ ಫಲಿತಾಂಶ ಬಂದು, ‘ಹಾಡ್ಜ್‌ಕಿನ್ ಲಿಂಫೋಮಾ ಅಂತೆ ಅಪ್ಪ, ದುಗ್ಧಗ್ರಂಥಿಗಳ ಕ್ಯಾನ್ಸರ್’ ಎಂದು ನೀನು ಹೇಳಿದಾಗ ನಾನು ‘ಓ, ಅದು ವಾಸಿಯಾಗುವ ಕಾಯಿಲೆ, ಏನೂ ಆಗುವುದಿಲ್ಲ’ ಎಂದೆ. ಆಮೇಲೆ ಸೊಸೈಟಿಗೆ ಹೋದೆ, ಅಡಿಕೆಯ ಹಣ ತರಬೇಕಿತ್ತು. ಸಹಿ ಹಾಕಲು ಕೈ ಬರಲಿಲ್ಲ. ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿ ಮಾರ್ಕ್ಸ್ ಕಾರ್ಡುಗಳಿಗೆಲ್ಲ ಹಾಕಿದ ಸಹಿ ಮೂರು ಸಲವೂ ಹೊಂದಲಿಲ್ಲ. ಗುಮಾಸ್ತ ಹುಡುಗ ನನ್ನ ಹಳೆಯ ವಿದ್ಯಾರ್ಥಿ, ‘ನಾಳೆ ಬನ್ನಿ ಸರ್’ ಎಂದ. ಮನೆಗೆ ಬರಲಾಗದೆ ರಾಮತೀರ್ಥದ ಬಂಡೆಯ ಮೇಲೆ ತುಂಗೆಯನ್ನು ನೋಡುತ್ತಾ ಕತ್ತಲಾಗುವವರೆಗೆ ಕುಳಿತಿದ್ದೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ಈಗ ನಿನಗೆ ಹೇಳಿದ್ದೇನೆ.

‘ಧೈರ್ಯವಾಗಿರು’ ಎಂದು ನಾನೇ ನಿನಗೆ ನೂರು ಸಲ ಹೇಳಿದ್ದೇನೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀನು ಧೈರ್ಯವಾಗಿದ್ದೀಯೋ ಅಳುತ್ತಿದ್ದೀಯೋ ಎಂದು ನಿನ್ನ ರಕ್ತನಾಳಕ್ಕೆ ಇಳಿಯುವ ಔಷಧಿ ನೋಡುವುದಿಲ್ಲ. ನೀನು ಗೋಡೆಗೆ ಮುಖ ಮಾಡಿ ಮಲಗಿದ ದಿನವೂ ಅದು ತನ್ನ ಕೆಲಸ ಮಾಡುತ್ತದೆ. ಭಯಪಟ್ಟರೆ ಕಾಯಿಲೆ ಹೆಚ್ಚಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಹೋಗಿ ಆ ಕುರ್ಚಿಯಲ್ಲಿ ಕುಳಿತು ಕೈ ಚಾಚುತ್ತೀಯಲ್ಲ, ಅಷ್ಟು ಸಾಕು. ಉಳಿದದ್ದನ್ನು ಬೇರೆಯವರು ನಿನಗಿಂತ ಎಷ್ಟೋ ಮೊದಲೇ ಮಾಡಿಟ್ಟಿದ್ದಾರೆ.

ಆ ಬೇರೆಯವರ ಬಗ್ಗೆ ಈ ನಾಲ್ಕು ತಿಂಗಳು ಓದಿದೆ. ನಿದ್ದೆ ಬಾರದ ರಾತ್ರಿಗಳಲ್ಲಿ ವಿಜ್ಞಾನದ ಮೇಷ್ಟ್ರು ಇನ್ನೇನು ಮಾಡುತ್ತಾನೆ? ನರ್ಸ್ ಪಕ್ಕದಲ್ಲೇ ಕುಳಿತು, ಮಾತನಾಡಿಸುತ್ತಾ, ಸಿರಿಂಜಿನಿಂದ ನಿಧಾನವಾಗಿ ಒತ್ತುವ ಆ ಕೆಂಪು ಔಷಧಿ ಇದೆಯಲ್ಲ, ಡಾಕ್ಸೊರುಬಿಸಿನ್, ಅದರ ಮೂಲ ಇಟಲಿಯ ಒಂದು ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕಿದ ಸೂಕ್ಷ್ಮಜೀವಿ. ಬೆಳಕು ತಾಗಬಾರದೆಂದು ಚೀಲ ಮುಚ್ಚಿ ಹಾಕುವುದು ಡಕಾರ್ಬಜಿನ್. ಇನ್ನೊಂದರ ಹೆಸರು ವಿಂಬ್ಲಾಸ್ಟಿನ್. ಅದನ್ನು ಓದಿದ ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋದೆ.

ಬಚ್ಚಲ ನೀರು ಹರಿಯುವ ಕಡೆ ಅಜ್ಜಿ ಹಾಕಿದ ನಿತ್ಯಪುಷ್ಪ ನಿನಗೆ ನೆನಪಿದೆ ಅಲ್ಲವೇ? ನೇರಳೆ ಬಣ್ಣದ್ದು, ಐದು ಎಸಳಿನದು, ದನವೂ ಬಾಯಿ ಹಾಕದ ಕಹಿ ಗಿಡ. ವಿಂಬ್ಲಾಸ್ಟಿನ್ ಆ ಗಿಡದ ಎಲೆಯಿಂದ ಬಂದದ್ದು! ಗಿಡದ ತವರು ಮಡಗಾಸ್ಕರ್. 1952ರಲ್ಲಿ ಜಮೈಕಾದಿಂದ ಯಾರೋ ಒಬ್ಬ ರೋಗಿ, ನಮ್ಮ ಕಡೆ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಾರೆ ಎಂದು ಎಲೆಗಳನ್ನು ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಕಳುಹಿಸಿದನಂತೆ. ಅವರು ಅದನ್ನು ತಮ್ಮ ಸಹೋದರ, ವಿಜ್ಞಾನಿ ರಾಬರ್ಟ್ ನೋಬಲ್ ಅವರಿಗೆ ದಾಟಿಸಿದರು. ಇಲಿಗಳಿಗೆ ಕುಡಿಸಿದರೆ ರಕ್ತದ ಸಕ್ಕರೆ ಇಳಿಯಲೇ ಇಲ್ಲ. ಚುಚ್ಚಿ ಕೊಟ್ಟರೆ ಇಲಿಗಳು ಸೋಂಕು ತಗುಲಿ ಸತ್ತವು, ಏಕೆಂದರೆ ಬಿಳಿ ರಕ್ತಕಣಗಳು ನೆಲ ಕಚ್ಚಿದ್ದವು. ಹುಡುಕಿದ್ದು ಸಿಗಲಿಲ್ಲ ಎಂದು ಕೈಚೆಲ್ಲುವ ಬದಲು ಅವರು, ಬಿಳಿ ಕಣಗಳನ್ನು ಇಳಿಸುವ ವಸ್ತು ರಕ್ತದ ಕ್ಯಾನ್ಸರಿಗೆ ಆದೀತಲ್ಲ ಎಂದು ಯೋಚಿಸಿದರು. ಚಾರ್ಲ್ಸ್ ಬಿಯರ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಬೇರ್ಪಡಿಸಿದರು. 1958ರಲ್ಲಿ ಜಗತ್ತಿಗೆ ಗೊತ್ತಾಯಿತು. ಎಪ್ಪತ್ತರ ದಶಕದಲ್ಲಿ ಮಿಲಾನ್‌ನ ವೈದ್ಯರು ನಾಲ್ಕು ಔಷಧಿಗಳನ್ನು ಒಟ್ಟು ಸೇರಿಸಿದರು. ಅದಕ್ಕೂ ಸ್ವಲ್ಪ ಹಿಂದಿನವರೆಗೆ ಮೈಯೆಲ್ಲ ಹರಡಿದ ಈ ಕಾಯಿಲೆ ಬಂದ ಹುಡುಗ ಹುಡುಗಿಯರಲ್ಲಿ ಬಹುಪಾಲು ಉಳಿಯುತ್ತಿರಲಿಲ್ಲ. ಈಗ ಬಹುಪಾಲು ಗುಣವಾಗುತ್ತಾರೆ. ಫೆಬ್ರುವರಿಯಲ್ಲಿ ನಾನು ಆಡಿದ ಮಾತು ಬಾಯಿಮಾತಾಗಿತ್ತು. ಈಗ ಓದಿ ತಿಳಿದು ಹೇಳುತ್ತಿದ್ದೇನೆ.

ಆ ಇಲಿಗಳಿಗೆ ಆದದ್ದೇ ಜೂನ್‌ನ ಆ ರಾತ್ರಿ ನಿನಗೆ ಆದದ್ದು. ಔಷಧಿ ಕೆಲಸ ಮಾಡುವ ಬಗೆಯೇ ಅದು. ಆದ್ದರಿಂದಲೇ ಜ್ವರಕ್ಕೆ ಬೆಳಗಾಗುವುದನ್ನು ಕಾಯಬಾರದು. ಇನ್ನೊಮ್ಮೆ ಹಾಗೆ ಮಾಡಬೇಡ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಈ ವಿಷಯ ಕೇಳಿ ಪಕ್ಕದ ಮನೆಯ ಅತ್ತೆ, ‘ಹಾಗಾದರೆ ಎಲೆ ಒಣಗಿಸಿ ಕಳುಹಿಸಿಬಿಡು, ಮಗು ಕಷಾಯ ಮಾಡಿ ಕುಡಿಯಲಿ’ ಎಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಕುಳಿತು ಲೆಕ್ಕ ಹಾಕಿ ತೋರಿಸಿದೆ. ಒಂದು ಗ್ರಾಂ ವಿಂಬ್ಲಾಸ್ಟಿನ್ ತೆಗೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ನಿನಗೆ ಒಂದು ಸಲಕ್ಕೆ ಕೊಡುವುದು ಹತ್ತಿರ ಹತ್ತಿರ ಹತ್ತು ಮಿಲಿಗ್ರಾಂ, ಅಂದರೆ ಐದು ಕಿಲೋ ಎಲೆಯ ಸಾರ. ನಮ್ಮ ಹಿತ್ತಲಿನ ಗಿಡಗಳನ್ನೆಲ್ಲ ಬೋಳಿಸಿದರೂ ಒಂದು ಕಿಲೋ ಆಗದು. ಉಳಿದದ್ದರಲ್ಲಿ ವಿಷವೂ ಇದೆ. ನೀನು ಅಲ್ಲಿನ ವೈದ್ಯರನ್ನು ಕೇಳದೆ ಅಮೃತಬಳ್ಳಿಯಿರಲಿ, ಅರಿಶಿನದ ಮಾತ್ರೆಯಿರಲಿ, ಯಾರು ಕಳುಹಿಸಿದರೂ ಬಾಯಿಗೆ ಹಾಕಬೇಡ.

‘ಊರಿಗೆ ಕರೆಸಿಕೊಳ್ಳಬಹುದಿತ್ತು’ ಎನ್ನುವವರು ಈಗಲೂ ಇದ್ದಾರೆ. ಬೆಂಗಳೂರಿನ ಕಿದ್ವಾಯಿಯಲ್ಲೂ ಈ ಕಾಯಿಲೆಗೆ ಕೊಡುವುದು ಇವೇ ಔಷಧಿಗಳು. ಆದರೆ ಎರಡು ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಎಂಬ ಲೆಕ್ಕ ಒಮ್ಮೆ ಶುರುವಾದ ಮೇಲೆ ನಡುವೆ ತಪ್ಪಿಸಬಾರದು. ಅಲ್ಲೇ ಉಳಿಯುತ್ತೇನೆ ಎಂದು ನೀನು ತೀರ್ಮಾನಿಸಿದ್ದು ಸರಿ. ಆ ದಿನ ನಾನು ಮೌನವಾಗಿದ್ದೆ, ನನ್ನ ಒಪ್ಪಿಗೆ ಇಲ್ಲವೆಂದು ನೀನು ತಿಳಿದುಕೊಂಡೆಯೇನೋ. ನೀನಿಲ್ಲದ ಮನೆಯ ಬಗ್ಗೆ ಯೋಚಿಸುತ್ತಿದ್ದೆ, ಅಷ್ಟೇ.

ಮೇ ತಿಂಗಳ ಪೆಟ್ ಸ್ಕ್ಯಾನ್ ವರದಿಯನ್ನು ಬೀರುವಿನಲ್ಲಿ ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ನಾಲ್ಕು ಡೋಸಿಗೇ, ಸ್ಕ್ಯಾನಿನಲ್ಲಿ ರೋಗದ ಗುರುತಾಗಿ ಕಾಣುತ್ತಿದ್ದ ಗಂಟುಗಳ ಹೊಳಪು ಆರಿಹೋಗಿದೆ, ಅದಕ್ಕೇ ಶ್ವಾಸಕೋಶಕ್ಕೆ ತೊಂದರೆ ಕೊಡಬಹುದಾದ ನಾಲ್ಕನೆಯ ಔಷಧಿ ಬ್ಲಿಯೊಮೈಸಿನ್ ಅನ್ನು ಕೈಬಿಟ್ಟಿದ್ದಾರೆ ಎಂದು ನೀನು ಅವತ್ತು ನಿಜವಾಗಿ ನಕ್ಕಿದ್ದೆ. ಆ ನಗು ನನಗೆ ಗೊತ್ತಾಗುತ್ತದೆ ಪುಟ್ಟಿ. ಉಳಿದ ದಿನಗಳದ್ದೂ ಗೊತ್ತಾಗುತ್ತದೆ.

ಅಜ್ಜಿಯ ವಿಷಯ ಹೇಳಬೇಕು. ಎಂಬತ್ತಾರರ ಜೀವ, ಹೇಳುವುದು ಬೇಡ ಎಂದು ನಾವೆಲ್ಲ ಸೇರಿ ತೀರ್ಮಾನಿಸಿದ್ದೆವು. ವಿಡಿಯೋದಲ್ಲಿ ನೀನು ತಲೆಗೆ ಸ್ಕಾರ್ಫ್ ಕಟ್ಟಿಕೊಂಡದ್ದನ್ನು ನೋಡಿ ‘ಅಲ್ಲಿ ಅಷ್ಟು ಚಳಿಯೇನೋ’ ಎಂದು ಕೇಳಿ ಸುಮ್ಮನಾಗಿದ್ದರು. ಪ್ರತಿ ವರ್ಷದಂತೆ ಈ ಸಲವೂ ಮಳೆಗೆ ಮೊದಲು ದಾಸವಾಳದ ಎಣ್ಣೆ ಕಾಯಿಸಿದರು. ಹೂವು, ಎಲೆ, ಸ್ವಲ್ಪ ಮೆಂತ್ಯ, ಗಾಣದ ಕೊಬ್ಬರಿ ಎಣ್ಣೆ, ಮನೆಯೆಲ್ಲ ಅದೇ ವಾಸನೆ. ನಿನ್ನೆ, ಬೆಂಗಳೂರಿನಿಂದ ಹೊರಡುವ ನಿನ್ನ ಗೆಳತಿಯ ಕೈಯಲ್ಲಿ ಈ ಪತ್ರ, ಚಟ್ನಿಪುಡಿ, ಹಪ್ಪಳ ಕಳುಹಿಸಲು ಕಟ್ಟುತ್ತಿದ್ದಾಗ, ಅನುಮಾನ ಬರದಿರಲಿ ಎಂದು ನಾನೇ ಎಣ್ಣೆಯ ಬಾಟಲಿ ಕೇಳಿದೆ. ಅಜ್ಜಿ ಬಾಟಲಿಯನ್ನು ಸೆರಗಿನಿಂದ ಒರೆಸಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಮತ್ತೆ ಬೀರುವಿನ ಒಳಗೇ ಇಟ್ಟರು.

‘ಈಗ ಬೇಡ. ಕೂದಲು ಬರಲಿ, ಆಮೇಲೆ ಕಳುಹಿಸೋಣ’ ಎಂದರು.

ಯಾವಾಗಿನಿಂದ ಗೊತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹತ್ತಿರ ಹೋಗಿ ಕುಳಿತೆ. ಬಹಳ ಹೊತ್ತು ಇಬ್ಬರೂ ಮಳೆ ನೋಡಿದೆವು.

ನಿನ್ನ ಹತ್ತನೆಯ ಡೋಸ್ ಮುಂದಿನ ಮಂಗಳವಾರ. ಅಲ್ಲಿನ ಸಂಜೆ ಐದಕ್ಕೆ, ಇಲ್ಲಿನ ಒಂಬತ್ತೂವರೆಗೆ ಫೋನ್ ಮಾಡುತ್ತೇನೆ. ಮಾತನಾಡಲು ಮನಸ್ಸಿಲ್ಲದಿದ್ದರೆ ಎತ್ತಬೇಡ. ಎತ್ತಿದರೆ ಕ್ಯಾಮೆರಾ ತೆರೆದಿಡು, ಅಳು ಬಂದರೆ ಅಳು. ಅಜ್ಜಿಯೂ ಪಕ್ಕದಲ್ಲಿರುತ್ತಾರೆ.

ಇಂತು,
ನಿನ್ನ ಅಪ್ಪ